ಯಾರ ಕೈ ನೋಡಬೇಕು

ಶೆಡ್ಡಿನಲ್ಲಿ ಅವಳಿಗೆ ಕ್ರೇನಕ್ಕ ಎಂದೇ ಹೆಸರು. ಕಬ್ಬಿಣದ ಏಣಿ ಹತ್ತಿ, ಸೂರಿಗೆ ತಾಗಿದಂತಿರುವ ಗಾಜಿನ ಗೂಡಿನಲ್ಲಿ ಕೂತು, ಉಕ್ಕಿನ ಹಾಳೆಗಳ ಕಟ್ಟನ್ನು ಕೊಕ್ಕೆಯಲ್ಲಿ ಎತ್ತಿ, ಕತ್ತರಿಸುವ ಯಂತ್ರದ ಬಾಯಿಗೆ ಇಳಿಸುವುದು ಅವಳ ಕೆಲಸ. ಕೆಳಗೆ ನಿಂತು ಅವಳಿಗೆ ಸನ್ನೆ ಕೊಡುವವನು ಕೈಮಾವ. ಸಂಬಂಧದಲ್ಲಿ ಅವನು ಅಲ್ಲಿ ಯಾರಿಗೂ ಮಾವನಲ್ಲ. ಊಟದ ಹೊತ್ತಿನಲ್ಲೂ ಉಪ್ಪು ಬೇಕೆಂದರೆ ಬಾಯಿ ಬಿಡದೆ ಬೆರಳಾಡಿಸುವ ಮನುಷ್ಯ, ಅದಕ್ಕೇ ಆ ಹೆಸರು.

ಆ ಕೆಲಸಕ್ಕೆ ಎರಡು ನಿಯಮಗಳಿದ್ದವು. ಲೋಡ್ ಎತ್ತಲು, ಇಳಿಸಲು, ಸರಿಸಲು ಒಬ್ಬನ ಕೈಯನ್ನು ಮಾತ್ರ ನೋಡಬೇಕು; ಮ್ಯಾನೇಜರೇ ಬಂದು ಕೈ ಬೀಸಿದರೂ ಕಣ್ಣೆತ್ತಿ ನೋಡಕೂಡದು. ಆದರೆ ‘ನಿಲ್ಲಿಸು’ ಎಂಬ ಸನ್ನೆ ಮಾತ್ರ ಯಾರು ಕೊಟ್ಟರೂ ಕೇಳಬೇಕು. ಕಸ ಗುಡಿಸುವವಳು ಅಂಗೈ ಎತ್ತಿದರೂ ಸರಿ, ದಾರಿ ತಪ್ಪಿ ಒಳಗೆ ಬಂದವನು ಎತ್ತಿದರೂ ಸರಿ, ಮೊದಲು ನಿಲ್ಲಿಸು, ಯಾಕೆಂದು ಆಮೇಲೆ ಕೇಳು. ಇಷ್ಟು ವರ್ಷ ಅವಳ ಕೊಕ್ಕೆಯ ಕೆಳಗೆ ಓಡಾಡಿದ ಒಬ್ಬರಿಗೂ ಗೀರು ಬೀಳದಂತೆ ಕಾಪಾಡಿದ್ದು ಈ ಎರಡನೆಯ ನಿಯಮ. ಕೊನೆಗೆ ಅವಳನ್ನು ಏಣಿಯಿಂದ ಕೆಳಗಿಳಿಸಿದ್ದೂ ಅದೇ.

ಮೊದಮೊದಲು ಅದು ಕಾಯಿಲೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಊಟಕ್ಕೆ ಇಳಿಯಲು ಮನಸ್ಸಾಗುತ್ತಿರಲಿಲ್ಲ, ಗೂಡಿನಲ್ಲೇ ಕೂತಿರುತ್ತಿದ್ದಳು, ಕಣ್ಣಿಂದ ನೀರು ತಾನಾಗಿ ಇಳಿಯುತ್ತಿತ್ತು. ಯಾಕೆ ಎಂದು ಕೇಳಿದರೆ ಹೇಳಲು ಒಂದು ಕಾರಣವಾದರೂ ಬೇಡವೇ? ಮನೆಯಲ್ಲಿ ಒಲೆ ಹಚ್ಚಿದವಳು ಪಾತ್ರೆ ಇಡುವುದನ್ನು ಮರೆತು ಉರಿಯನ್ನೇ ನೋಡುತ್ತ ನಿಂತುಬಿಡುತ್ತಿದ್ದಳು. ಗಂಡ ಸ್ಕೂಲ್ ವ್ಯಾನ್ ಓಡಿಸುವವನು, ಬಾಯಿ ಜೋರು. “ಒಲೆ ಜೊತೆ ಏನ್ ಅಷ್ಟೊಂದು ಮಾತುಕತೆ?” ಎಂದು ಒಂದೆರಡು ದಿನ ಕಿಚಾಯಿಸಿದ. ಆಮೇಲೆ ಕಿಚಾಯಿಸುವುದನ್ನು ಬಿಟ್ಟು ತಾನೇ ಪಾತ್ರೆ ಇಡತೊಡಗಿದ.

ಗೇಟಿನ ಪಕ್ಕದ ಕೋಣೆಯಲ್ಲಿ ಕೂರುವ ಕಂಪನಿ ಡಾಕ್ಟರು ‘ಡಿಪ್ರೆಶನ್’ ಎಂದರು. ಅದನ್ನು ಅವಳ ಮುಖ ನೋಡಿ ಹೇಳಲಿಲ್ಲ, ಕಂಪ್ಯೂಟರಿನ ಮುಖ ನೋಡಿ ಹೇಳಿದರು. ಬೆಳಿಗ್ಗೆ ನುಂಗಲು ಒಂದು ಮಾತ್ರೆ ಬರೆದರು. ಕೆಲವು ತಿಂಗಳು ಕಳೆದವು, ಅಳು ಕಡಿಮೆಯಾಯಿತು, ನಿದ್ದೆ ಮಾತ್ರ ಸರಿಹೋಗಲಿಲ್ಲ. ದೊಡ್ಡಾಸ್ಪತ್ರೆಗೆ ಹೋದಳು. ಅಲ್ಲಿಯ ಮಾನಸಿಕ ವಿಭಾಗದ ಡಾಕ್ಟರಮ್ಮ ಏನೇನೋ ಕೇಳುತ್ತ, “ಯಾವಾಗಲಾದ್ರೂ ತುಂಬಾ ಹುರುಪು ಬಂದಿದ್ದು ಇದ್ಯಾ?” ಎಂದರು. ಹೋದ ವರ್ಷ, ಯಾವ ಮಾತ್ರೆಯ ಮುಖವನ್ನೂ ನೋಡದ ಕಾಲದಲ್ಲಿ, ತಾನು ಇಡೀ ಮನೆಗೆ ಒಬ್ಬಳೇ ಬಣ್ಣ ಬಳಿದು, ಪಕ್ಕದ ಮನೆಯವರ ಗೇಟಿಗೂ ಬಳಿದು ಬಂದದ್ದನ್ನು ಇವಳು ಹೇಳಿದಳು. ಡಾಕ್ಟರಮ್ಮ ‘ಬೈಪೋಲಾರ್ ಇರಬಹುದು’ ಎಂದರು. ಅದನ್ನೂ ಇವಳಿಗೆ ಹೇಳಲಿಲ್ಲ. ಪಕ್ಕದಲ್ಲಿ ನಿಂತು ಕಲಿಯುತ್ತಿದ್ದ ಹುಡುಗಿಗೆ ಹೇಳಿದರು. ರಕ್ತ ಪರೀಕ್ಷೆ ಮಾಡಿಸಿ ಇನ್ನೊಂದು ಮಾತ್ರೆ ಬರೆದರು. ಹಳೆಯದನ್ನು ಬಿಡಬೇಕೋ ನುಂಗಬೇಕೋ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳ ಸ್ಟೂಲಿನ ಮೇಲೆ ಮುಂದಿನ ರೋಗಿ ಕೂತಾಗಿತ್ತು.

ಅವಳು ಎರಡನ್ನೂ ನುಂಗಿದಳು. ಮೆಡಿಕಲ್ ಸ್ಟೋರಿನವನು ಮಾತ್ರೆಯ ಹಾಳೆಯಿಂದ ಕತ್ತರಿಸಿ ಕೊಟ್ಟ ತುಂಡಿನಲ್ಲಿ ಹೆಸರಿನ ಬಾಲವಷ್ಟೇ ಉಳಿದಿತ್ತು. ಯಾವುದು ಯಾವುದಕ್ಕೆ ಎಂದು ಕೇಳಿದರೆ, “ನೀವ್ಯಾಕಮ್ಮ ತಲೆ ಕೆಡಿಸ್ಕೋತೀರಿ, ನುಂಗಿ” ಎಂದ. ತಲೆ ಕೆಟ್ಟಿದೆ ಎಂದೇ ಬಂದವಳಿಗೆ ಆ ಉಪದೇಶ.

ಅದೇ ಶೆಡ್ಡಿನ ಕ್ರೇನಿಗೆ ಸಿಗುವ ಮರ್ಯಾದೆ ನೋಡಿ. ಅದು ಎಷ್ಟು ಭಾರ ತಾಳುತ್ತದೆಂದು ಆಳೆತ್ತರದ ಅಕ್ಷರಗಳಲ್ಲಿ ಅದರ ಮೈಮೇಲೆ ಬರೆದಿದೆ. ಮೋಟಾರಿನ ದನಿ ಕೊಂಚ ಬದಲಾದರೆ ಸಾಕು, ಇಂಜಿನಿಯರುಗಳು ಓಡಿಬರುತ್ತಾರೆ. ಏನು ಕೆಟ್ಟಿತು, ಏನು ಹಾಕಿದೆವು, ಮತ್ತೆ ಯಾವಾಗ ನೋಡಬೇಕು ಎಂಬುದನ್ನು ಎಲ್ಲರಿಗೂ ಕಾಣುವಂತೆ ಕಂಬಕ್ಕೆ ಅಂಟಿಸಿ ಹೋಗುತ್ತಾರೆ. ಅದನ್ನು ನಡೆಸುವ ಹೆಂಗಸಿನೊಳಗೆ ಏನು ಕೆಟ್ಟಿದೆ, ಏನು ಹಾಕಿದ್ದಾರೆ ಎಂಬುದು ಮಾತ್ರ ಅವಳಿಗೇ ತಿಳಿಯಕೂಡದು.

ಅವಳಿಗೆ ಬೇಕಾಗಿದ್ದದ್ದು ದೊಡ್ಡ ಜ್ಞಾನವೇನಲ್ಲ. ಎರಡನೆಯ ಮಾತ್ರೆ ಶುರುವಾದ ಮೇಲೆ ಬೆರಳು ಸಣ್ಣಗೆ ನಡುಗುತ್ತಿದ್ದವು. ಆ ನಡುಕ ಕಾಯಿಲೆಯದೋ ಮಾತ್ರೆಯದೋ? ಕಾಯಿಲೆಯದಾದರೆ ಗೂಡಿನ ಋಣ ತೀರಿದಂತೆ. ಮಾತ್ರೆಯದಾದರೆ ಏನಾದರೂ ದಾರಿ ಇರಬಹುದು. ಇಷ್ಟು ಹೇಳುವವರು ಸಿಕ್ಕಿರಲಿಲ್ಲ.

ಒಂದು ಭಾನುವಾರ ನಾದಿನಿ ಬಂದಳು. ಕೊರಿಯರ್ ಆಫೀಸಿನಲ್ಲಿ ಕೆಲಸ, ಪ್ರಪಂಚದ ಸುದ್ದಿಯೆಲ್ಲ ಅವಳ ಫೋನಿನಲ್ಲಿ.

“ಅತ್ತಿಗೆ, ಮೊದ್ಲು ಆ ಮಾತ್ರೆ ನಿಲ್ಸಿ. ನಮ್ಮ ಆಫೀಸಲ್ಲಿ ಒಬ್ಳು ಇದನ್ನೇ ನುಂಗಿ ನುಂಗಿ ಬಾತ್ಕೊಂಡಿದಾಳೆ.”

“ಇದನ್ನೇ ಅಂತ ನಿನಗೆ ಹೇಗೆ ಗೊತ್ತು? ನನಗೇ ಹೆಸರು ಗೊತ್ತಿಲ್ಲ.”

“ಅವಳದ್ದೂ ಬಿಳಿ.”

“ಜ್ವರದ ಮಾತ್ರೆನೂ ಬಿಳಿನೇ ಕಣೇ.”

“ನಿಮ್ಮ ಕೈ ನೋಡ್ಕೊಳ್ಳಿ, ಲೋಟ ಹೇಗೆ ಗಲಗಲ ಅಂತಿದೆ. ಸಾಕು ಅತ್ತಿಗೆ, ನಿಲ್ಸಿ.”

ಹಾಗೆನ್ನುತ್ತ ನಾದಿನಿ ಅಂಗೈ ಎತ್ತಿದಳು. ಆ ಸನ್ನೆಗೆ ಅರ್ಥವಿದೆಯೆಂದು ಅವಳಿಗೇನು ಗೊತ್ತು? ಕ್ರೇನಕ್ಕನಿಗೆ ಗೊತ್ತಿತ್ತು, ಅವಳ ಮೈಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಮಾರನೆಯ ದಿನದಿಂದ ಎರಡೂ ಮಾತ್ರೆಗಳು ಮೇಜಿನ ಡ್ರಾಯರು ಸೇರಿದವು.

ಮೊದಲಿಗೆ ಹಗುರವೆನ್ನಿಸಿತು. ಬೆರಳ ನಡುಕವೂ ನಿಂತಿತು. ಗೆದ್ದೆ ಅಂದುಕೊಂಡಳು. ಆ ವಾರ ಮುಗಿಯುವುದರೊಳಗೆ ಹೊಸದೊಂದು ಶುರುವಾಯಿತು. ಪಕ್ಕಕ್ಕೆ ಕಣ್ಣು ಹೊರಳಿಸಿದರೆ ಸಾಕು, ಯಾರೋ ಸ್ವಿಚ್ಚು ಆರಿಸಿ ಮತ್ತೆ ಹೊತ್ತಿಸಿದ ಹಾಗೆ ತಲೆಯೊಳಗೆ ಝಟಕಾ ಹೊಡೆಯುತ್ತಿತ್ತು. ಮನೆಯಲ್ಲಿ ಗೋಡೆ ಹಿಡಿದು ನಿಂತರೆ ಹೋಗುತ್ತಿತ್ತು. ಗೂಡಿನಲ್ಲಿ ಹಿಡಿಯಲು ಗೋಡೆಯಿಲ್ಲ, ಲೀವರ್ ಇದೆ.

ಅದು ಆದದ್ದು ಚಹಾದ ವಿರಾಮ ಮುಗಿದ ಮೇಲೆ. ಹಾಳೆಗಳ ಕಟ್ಟು ಆಕಾಶದಲ್ಲಿತ್ತು. ಕೈಮಾವ ಎಡಕ್ಕೆ ಎಂದು ತೋರಿಸಿದ. ಇವಳು ಕಣ್ಣು ಹೊರಳಿಸಿದಳು. ಝಟಕಾ ಹೊಡೆಯಿತು. ಒಂದು ಗಳಿಗೆ ಮಾವನ ಕೈಯೇ ಇರಲಿಲ್ಲ. ಮತ್ತೆ ಕಂಡಾಗ ಅದು ಬೇರೆಲ್ಲೋ ಇತ್ತು. ಎಡಪಕ್ಕದ ದಾರಿಯಲ್ಲಿ ಇಬ್ಬರು ಫಿಟ್ಟರುಗಳು ಏನೋ ಹರಟುತ್ತ ನಡೆದುಬರುತ್ತಿದ್ದರು.

ಅವಳು ಲೀವರ್ ಬಿಟ್ಟು ಹಾರನ್ ಒತ್ತಿದಳು. ಕಟ್ಟು ತೂಗುತ್ತ ನಿಂತಿತು. ಏನು ಎಂದು ಮಾವನ ಕೈ ಕೇಳಿತು. ಅವಳು ಗಾಜಿಗೆ ಅಂಗೈ ಒತ್ತಿ ತೋರಿಸಿದಳು. ಮೇಲಿನವರು ಕೆಳಗಿನವರಿಗೆ ಆ ಸನ್ನೆ ಕೊಟ್ಟದ್ದನ್ನು ಆ ಶೆಡ್ಡು ಅದುವರೆಗೆ ಕಂಡಿರಲಿಲ್ಲ. ಕೈಮಾವ ಮರುಮಾತಿಲ್ಲದೆ ಎಲ್ಲರನ್ನೂ ಗೋಡೆಯಂಚಿಗೆ ಅಟ್ಟಿದ, ಆಮೇಲೆ ಕೊಕ್ಕೆಯ ನೇರಕ್ಕೆ ಕಾಣುವಂತೆ ಬಂದು ನಿಂತ. ಅವಳು ಕುತ್ತಿಗೆ ಆಡಿಸದೆ, ಕಣ್ಣು ಆಚೀಚೆ ಮಾಡದೆ, ಮಾವನ ಕೈಯೊಂದನ್ನೇ ನೋಡುತ್ತ ಕಟ್ಟನ್ನು ನೆಟ್ಟಗೆ ನೆಲಕ್ಕಿಳಿಸಿದಳು. ಆಮೇಲೆ ತಾನು ಇಳಿದಳು.

ಏಣಿಯ ಬುಡದಲ್ಲಿ ಸೂಪರ್‌ವೈಸರ್ ಕಾಯುತ್ತಿದ್ದ. “ಏನಾಯ್ತು? ಬಿ.ಪಿ.ನಾ?”

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಿ.ಪಿ. ಮರ್ಯಾದಸ್ಥರ ಕಾಯಿಲೆ, ಮ್ಯಾನೇಜರುಗಳಿಗೂ ಇರುತ್ತದೆ, ಮದುವೆ ಮನೆಯಲ್ಲೂ ಹೇಳಿಕೊಳ್ಳಬಹುದು. ಅವಳು ಒಮ್ಮೆ ಆ ಇಬ್ಬರು ಫಿಟ್ಟರುಗಳನ್ನು ನೋಡಿದಳು.

“ಅಲ್ಲ ಸಾರ್. ಮನಸ್ಸಿನ ಕಾಯಿಲೆಗೆ ಮಾತ್ರೆ ತಗೋತಿದ್ದೆ. ಯಾರನ್ನೂ ಕೇಳದೆ ನಿಲ್ಸಿದೆ. ಅದಕ್ಕೇ ತಲೆ ಹೀಗಾಗ್ತಿದೆ ಅಂತ ಕಾಣುತ್ತೆ.”

ಸೂಪರ್‌ವೈಸರ್ ಅರ್ಧ ಹೆಜ್ಜೆ ಹಿಂದಕ್ಕೆ ಸರಿದ. ಅಂಟುವ ಕಾಯಿಲೆಯಲ್ಲವೆಂದು ಅವನಿಗೂ ಗೊತ್ತು, ಕಾಲಿಗೆ ಗೊತ್ತಿರಲಿಲ್ಲ. “ನೀವಿನ್ನು ಪ್ಯಾಕಿಂಗ್‌ಗೆ ಹೋಗಿ. ಖಾಯಂ ಆಗಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

ಪ್ಯಾಕಿಂಗ್ ಎಂದರೆ ಹಿಂದಿನ ಕತ್ತಲ ಕೋಣೆ. ಬೆರಳು ಕಳೆದುಕೊಂಡವರು, ಬಸುರಿಯರು, ಸೊಂಟ ಬಿದ್ದವರು, ಹೀಗೆ ಶೆಡ್ಡಿಗೆ ಬೇಡವಾದವರೆಲ್ಲ ಅಲ್ಲಿ ಕೂತು ಪೆಟ್ಟಿಗೆಗೆ ಟೇಪು ಸುತ್ತುತ್ತಾರೆ. ಒಳಗೆ ಹೋದವರು ಮತ್ತೆ ಯಂತ್ರದ ಹತ್ತಿರ ಬಂದ ದಾಖಲೆಯಿಲ್ಲ.

ಮರುದಿನ ಗಂಡ ಮಕ್ಕಳನ್ನು ಶಾಲೆಗೆ ಇಳಿಸಿ, ಖಾಲಿ ವ್ಯಾನಿನಲ್ಲಿ ಅವಳನ್ನು ದೊಡ್ಡಾಸ್ಪತ್ರೆಗೆ ಕರೆತಂದ. ಅದೇ ಡಾಕ್ಟರಮ್ಮ, ಅದೇ ಸ್ಟೂಲು.

“ಡಾಕ್ಟ್ರೇ, ಇವತ್ತು ನಾನು ಕೇಳಿ ಮುಗಿಸೋವರೆಗೂ ಏಳಲ್ಲ,” ಎಂದಳು.

ಮುಂದಿನ ರೋಗಿ ಆಗಲೇ ಹೊಸ್ತಿಲ ಮೇಲೆ ಕಾಲಿಟ್ಟಿದ್ದ. ಗಂಡ ಬಾಗಿಲಿಗೆ ಅಡ್ಡ ನಿಂತ. “ಸ್ವಲ್ಪ ತಡೀರಿ ಸ್ವಾಮಿ, ಒಳಗೆ ಇನ್ನೂ ಸಿಗ್ನಲ್ ಬಿದ್ದಿಲ್ಲ.”

“ನನಗಿರೋದು ಯಾವುದು ಡಾಕ್ಟ್ರೇ? ಕಂಪನಿ ಡಾಕ್ಟ್ರು ಡಿಪ್ರೆಶನ್ ಅಂದ್ರು. ನೀವು ಬೈಪೋಲಾರ್ ಅಂದ್ರಿ, ಅದೂ ನನಗಲ್ಲ, ಆ ಹುಡುಗಿಗೆ. ನಮ್ಮಲ್ಲಿ ಇಬ್ರು ಕೈ ತೋರಿಸಿದ್ರೆ ಲೋಡ್ ಎತ್ತೋದೇ ಇಲ್ಲ. ನಾನು ಎರಡನ್ನೂ ನುಂಗಿದೆ. ಆಮೇಲೆ ಎರಡನ್ನೂ ನಿಲ್ಸಿದೆ.”

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. “ಯಾರು ಹೇಳಿದ್ದು ನಿಲ್ಲಿಸೋಕೆ?”

“ನಾದಿನಿ.”

“ಅವರು ಡಾಕ್ಟರಾ?”

“ಕೊರಿಯರ್ ಆಫೀಸು.”

ಕಲಿಯುವ ಹುಡುಗಿಗೆ ನಗು ಬಂತು, ನುಂಗಿಕೊಂಡಳು. ಕ್ರೇನಕ್ಕ ತನ್ನ ನಿಯಮ ವಿವರಿಸಿದಳು: ನಿಲ್ಲಿಸು ಎಂದು ಯಾರೇ ಹೇಳಲಿ, ಮೊದಲು ನಿಲ್ಲಿಸಬೇಕು. ಡಾಕ್ಟರಮ್ಮ ಪೂರ್ತಿ ಕೇಳಿದರು.

“ನಿಮ್ಮ ಲೋಡ್ ನಿಲ್ಲಿಸಿದ್ರೆ ಅಲ್ಲೇ ನಿಂತಿರುತ್ತೆ. ಮಾತ್ರೆ ಹಾಗಲ್ಲ. ಇದನ್ನ ಒಮ್ಮೆಲೇ ಬಿಡೋದು ಅಂದ್ರೆ ಲೋಡ್ ಮೇಲಿರುವಾಗ ಹಗ್ಗ ಕತ್ತರಿಸಿದ ಹಾಗೆ. ಮೆಲ್ಲಗೆ ಇಳಿಸ್ಬೇಕು. ನಿಮ್ಮ ತಲೆಯೊಳಗಿನ ಝಟಕಾ ಮೊದಲನೇ ಮಾತ್ರೆ ದಿಢೀರ್ ಅಂತ ಬಿಟ್ಟಿದ್ದಕ್ಕೆ.”

ತಪ್ಪು ಎಲ್ಲಿ ಆಯಿತೆಂದು ಅವಳಿಗೆ ಈಗ ಕಣ್ಣಿಗೆ ಕಟ್ಟಿದಂತೆ ಕಂಡಿತು.

“ನಡುಕ? ಅದು ಕಾಯಿಲೆದಾ?”

“ನಿಲ್ಲಿಸಿದ ಮೇಲೆ ನಡುಕ ಹೋಯ್ತಾ?”

“ಹೋಯ್ತು.”

“ಹಾಗಾದ್ರೆ ಎರಡನೇ ಮಾತ್ರೆದು. ಮತ್ತೆ ಶುರು ಮಾಡಿ, ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ ಬನ್ನಿ. ಪ್ರಮಾಣ ಹೆಚ್ಚಾಗಿದ್ರೆ ಇಳಿಸೋಣ. ಮೊದಲನೆಯದನ್ನೂ ಮತ್ತೆ ಶುರು ಮಾಡಿ, ಅದನ್ನ ಸ್ವಲ್ಪ ಸ್ವಲ್ಪವಾಗಿ ಬಿಡಿಸ್ತೀನಿ. ಕಂಪನಿ ಡಾಕ್ಟರ ಜೊತೆ ನಾನೇ ಮಾತಾಡ್ತೀನಿ, ನೀವು ನಮ್ಮಿಬ್ಬರ ಮಧ್ಯೆ ಓಡಾಡೋದು ಬೇಡ.” ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡು ಕೇಳಿದರು, “ಪಕ್ಕದ ಮನೆ ಗೇಟಿಗೆ ಯಾಕೆ ಬಣ್ಣ ಬಳಿದ್ರಿ?”

“ಡಬ್ಬೀಲಿ ಉಳಿದಿತ್ತು ಡಾಕ್ಟ್ರೇ.”

“ಆಗ ನಿದ್ದೆ?”

“ಇರಲಿಲ್ಲ. ಬೇಕು ಅಂತಲೂ ಅನ್ನಿಸ್ತಿರಲಿಲ್ಲ.”

“ವಾರಗಟ್ಲೆ ಡಾಕ್ಟ್ರೇ,” ಬಾಗಿಲಿಂದ ಗಂಡ ದನಿಗೂಡಿಸಿದ. “ನನ್ನ ವ್ಯಾನಿಗೂ ಬಳಿಯೋಕೆ ಬಂದಿದ್ಳು. ಕೀ ಬಚ್ಚಿಟ್ಟೆ.”

“ನಿದ್ದೆಯಿಲ್ಲದ ಆ ವಾರಗಳಿಂದಾಗಿಯೇ ಬೈಪೋಲಾರ್ ಅನ್ನೋ ಅನುಮಾನ ನನಗೆ. ಅನುಮಾನ ಅಷ್ಟೇ. ಬರೀ ಡಿಪ್ರೆಶನ್ನೂ ಇರಬಹುದು. ಕೆಲವು ತಿಂಗಳು ನೋಡಿದ್ರೆ ಗೊತ್ತಾಗುತ್ತೆ, ಈಗ ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಅವತ್ತೇ ನಿಮ್ಮ ಮುಖ ನೋಡಿ ಹೇಳಬೇಕಿತ್ತು. ಹೇಳಲಿಲ್ಲ.”

ಗೊತ್ತಿಲ್ಲ ಎಂಬ ಮಾತನ್ನು ಅವಳು ಆಫೀಸು ಆಸ್ಪತ್ರೆಗಳ ಎಷ್ಟೋ ಕಿಟಕಿಗಳ ಮುಂದೆ ಕೇಳಿದ್ದಳು. ಅವೆಲ್ಲ ಮುಂದಕ್ಕೆ ಹೋಗು ಎಂಬ ಅರ್ಥದವು. ಈ ಗೊತ್ತಿಲ್ಲಕ್ಕೆ ಅವಳು ತಲೆಯಾಡಿಸಿದಳು.

“ಕ್ರೇನ್ ಹತ್ತಬಹುದಾ?”

“ಈಗ ಖಂಡಿತ ಬೇಡ. ಝಟಕಾ ನಿಲ್ಲಲಿ, ಮಾತ್ರೆ ಹದಕ್ಕೆ ಬರಲಿ. ಆಮೇಲೆ ನೋಡಿ ಹೇಳ್ತೀನಿ.”

“ಖಾಯಂ ಬೇಡ್ವಾ?”

“ಖಾಯಂ ಅಂತ ಯಾರು ಹೇಳಿದ್ದು?”

“ಸೂಪರ್‌ವೈಸರ್.”

“ಅವರು ಡಾಕ್ಟರಾ?”

“ಅಲ್ಲ. ಅವರ ಕೈ ನಾನು ನೋಡಲ್ಲ ಬಿಡಿ.”

ಶೆಡ್ಡಿಗೆ ಮರಳಿದಾಗ ಗೂಡಿನಲ್ಲಿ ಇನ್ನೊಂದು ಪಾಳಿಯ ಆಪರೇಟರ್ ಕೂತಿದ್ದ. ಇವಳು ಸೂಪರ್‌ವೈಸರ್ ಎದುರು ನಿಂತು, ಡಾಕ್ಟರು ಹೇಳುವವರೆಗೆ ತಾನು ಹತ್ತುವುದಿಲ್ಲವೆಂದೂ, ಅಲ್ಲಿಯವರೆಗೆ ಕೆಳಗೆ ಮಾವನ ಜೊತೆ ಸನ್ನೆಯ ಕೆಲಸ ಮಾಡುತ್ತೇನೆಂದೂ, ಆಮೇಲೆ ತನ್ನ ಗೂಡು ತನಗೆ ಬೇಕೆಂದೂ ಹೇಳಿದಳು.

“ಆ ಥರ ಕಾಯಿಲೆ ಇರೋರನ್ನ ನಾನು ಹೇಗಮ್ಮ ನಂಬಲಿ? ಪ್ಯಾಕಿಂಗ್ ಅಂದ್ನಲ್ಲ, ಹೋಗಿ.”

ಕೈಮಾವ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡ. ಮೇಲಿನ ಆಪರೇಟರ್ ಲೀವರಿನಿಂದ ಕೈ ತೆಗೆದ. ಕೊಕ್ಕೆ ನಿಂತಿತು. ಕತ್ತರಿಸುವ ಯಂತ್ರ ತಿನ್ನಲು ಏನೂ ಇಲ್ಲದೆ ಖಾಲಿ ಗುರುಗುಟ್ಟಿತು.

“ಏನ್ ಮಾವ ಇದು?”

ಮಾವನಿಗೆ ಈಗ ಬಾಯಿ ಬಿಡದೆ ಗತಿಯಿರಲಿಲ್ಲ. “ನನಗೆ ಶುಗರ್ ಇದೆ ಸಾರ್. ದಿನಾ ಹೊಟ್ಟೆಗೆ ಸೂಜಿ ಚುಚ್ಕೊಂಡು ಬಂದು ನಿಮ್ಮ ಲೋಡ್ ಇಳಿಸ್ತೀನಿ. ನನ್ನನ್ನೂ ಪ್ಯಾಕಿಂಗ್‌ಗೆ ಹಾಕಿ.”

“ಅದು ಬೇರೆ.”

“ಹೇಗೆ ಬೇರೆ? ಈಯಮ್ಮ ನಿಜ ಹೇಳಿ ಕೆಳಗಿಳಿದ್ಳು. ಅದಕ್ಕೆ ಅವಳನ್ನ ಕತ್ತಲಿಗೆ ಕಳಿಸಿದ್ರೆ, ನಾಳೆ ತಲೆ ಸುತ್ತೋ ಇನ್ನೊಬ್ಬ ಬಾಯಿ ಮುಚ್ಕೊಂಡು ಮೇಲೇ ಕೂತಿರ್ತಾನೆ. ಕೆಳಗೆ ನಿಲ್ಲೋನು ನಾನು.”

ಆ ಇಬ್ಬರು ಫಿಟ್ಟರುಗಳು ಬಂದು ಮಾವನ ಪಕ್ಕ ನಿಂತರು. ಅವರೂ ಜೇಬಿಗೆ ಕೈ ಹಾಕಿಕೊಂಡಿದ್ದರು. ಅವರ ಹಿಂದೆ ವೆಲ್ಡರುಗಳು, ಕಸ ಗುಡಿಸುವವಳು. ಅವಳ ಬಟ್ಟೆಗೆ ಜೇಬಿರಲಿಲ್ಲ, ಕೈ ಕಟ್ಟಿ ನಿಂತಳು. ಸೂಪರ್‌ವೈಸರ್ ಗಡಿಯಾರ ನೋಡಿದ, ಖಾಲಿ ಯಂತ್ರ ನೋಡಿದ, ಮ್ಯಾನೇಜರರ ಕೋಣೆಯ ಕಡೆ ನೋಡಿದ.

“ಆಯ್ತು ಮಾರಾಯ್ರೇ. ಡಾಕ್ಟರು ಹೇಳೋವರೆಗೆ ಕೆಳಗಿರಲಿ. ಹತ್ತಬಹುದು ಅಂತ ಅವರು ಹೇಳಿದ ದಿನ ಹತ್ತಲಿ. ಈಗ ಕೈ ತೆಗೀರಿ.”

“ಎಲ್ಲರೂ ಕೇಳಿಸ್ಕೊಂಡ್ರಾ?” ಎಂದ ಕೈಮಾವ. ಆಮೇಲೆ ತನ್ನ ಕೈಗವಸು ಕಳಚಿ ಅವಳಿಗೆ ಕೊಟ್ಟ. “ತಗೋ ತಾಯಿ. ಇವತ್ತು ನೀನು ತೋರಿಸು.”

ಕೈಗವಸು ದೊಡ್ಡದಾಯಿತು. ಮೇಲೆ ಗಾಜಿನ ಹಿಂದೆ ಆಪರೇಟರ್ ಬಗ್ಗಿ ಅವಳನ್ನೇ ನೋಡುತ್ತಿದ್ದ. ಕೆಳಗಿನಿಂದ ನೋಡಿದರೆ ಆ ಗೂಡು ಇಷ್ಟು ಚಿಕ್ಕದೇ ಎನ್ನಿಸಿತು. ಆಸ್ಪತ್ರೆಯಿಂದ ಹೊರಬಂದೊಡನೆ ಅವಳು ಎರಡೂ ಮಾತ್ರೆಗಳನ್ನು ಮತ್ತೆ ಶುರುಮಾಡಿದ್ದಳು, ಎರಡನೆಯದರಿಂದ ಇನ್ನು ಕೆಲವು ದಿನಕ್ಕೆ ಬೆರಳು ಮತ್ತೆ ನಡುಗತೊಡಗುತ್ತವೆ. ನಡುಗಿದರೆ ಅದು ಯಾವುದರ ನಡುಕ ಎಂದು ಈಗ ಗೊತ್ತು. ಅವಳು ಕೊಕ್ಕೆಯ ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ಕೈ ಮೇಲೆತ್ತಿ, ಇಳಿಸು ಎಂದು ತೋರಿಸಿದಳು. ಕೊಕ್ಕೆ ಇಳಿಯತೊಡಗಿತು.