ಶಿವಮ್ಮನ ಶ

ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದಿದ್ದ ಡಾಟಾ ಎಂಟ್ರಿ ಸೆಂಟರಿನಲ್ಲಿ ಸುಧಾಮಣಿ ರೇಷನ್ ಕಾರ್ಡಿನ ಹೆಸರು ಕುಟ್ಟುತ್ತಿದ್ದಳು. 2008ರ ಮಾತು. ಯಜಮಾನ ಗುರುಪಾದಸ್ವಾಮಿ, ಪುಕ್ಕಟೆ ಸಿಗುತ್ತದೆಂದು ಎಲ್ಲ ಕಂಪ್ಯೂಟರಿಗೂ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದ್ದ. ಕನ್ನಡದ ಸಾಫ್ಟ್‌ವೇರೋ, ವಿಂಡೋಸ್ ಬಿಟ್ಟು ಬೇರೆಡೆ ಏಳುತ್ತಿರಲಿಲ್ಲ. ಸರಿ, ಲಿನಕ್ಸಿನ ಹೊಟ್ಟೆಯೊಳಗೇ ಒಂದು ವಿಂಡೋಸ್ ಕೂರಿಸಿದರು. ಒಳಗಿನದಕ್ಕೂ ಹೊರಗಿನದಕ್ಕೂ ಇದ್ದದ್ದು ಒಂದೇ ಕೀಬೋರ್ಡು. ಕಾಟ ಶುರುವಾದದ್ದು ಅಲ್ಲೇ.

ಆಗಾಗ ಶಿಫ್ಟ್ ಕೀ ಕೈಕೊಡುತ್ತಿತ್ತು. ಶಿಫ್ಟ್ ಇಲ್ಲದೆ ಶ ಬರುವುದಿಲ್ಲ, ಸ ಬರುತ್ತದೆ. ಣ ಇದ್ದಲ್ಲಿ ನ, ಧ ಇದ್ದಲ್ಲಿ ದ, ದೀರ್ಘ ಇದ್ದಲ್ಲಿ ಹ್ರಸ್ವ. ದೀರ್ಘ ಬಿದ್ದುಹೋದರೆ ಸುಧಾಮಣಿಯ ಕಣ್ಣಿಗೆ ಹೊಡೆಯುತ್ತಿತ್ತು, ತಿದ್ದುತ್ತಿದ್ದಳು. ಶಿವಮ್ಮ ಸಿವಮ್ಮ ಆದರೆ ಮಾತ್ರ ತಪ್ಪೆನಿಸುತ್ತಿರಲಿಲ್ಲ. ತೆರಕಣಾಂಬಿಯ ಅವಳ ಬೀದಿಯಲ್ಲಿ ಹುಟ್ಟಿದಾಗಿನಿಂದ ಕೇಳಿದ್ದೇ ಸಿವಮ್ಮ. ಪಾಪ, ಕಿವಿ ಒಪ್ಪಿದ್ದನ್ನು ಕಣ್ಣು ಯಾಕೆ ತಡೆದೀತು?

ಹೆಸರು ತಪ್ಪೆಂದು ಚಾಮರಾಜನಗರದ ಜಿಲ್ಲಾ ಕಚೇರಿಯಿಂದ ನಲವತ್ತು ಕಾರ್ಡು ವಾಪಸ್ಸು ಬಂದವು. ಸುಧಾಮಣಿಯ ಬೀದಿಯ ಶಿವಮ್ಮನಿಗೆ, ಕಾರ್ಡಿನಲ್ಲಿ ಸಿವಮ್ಮ ಎಂದಿದೆಯೆಂದು ನ್ಯಾಯಬೆಲೆ ಅಂಗಡಿಯವನು ಅಕ್ಕಿ ಕೊಡಲಿಲ್ಲ.

“ಅವ್ಳು ನಾನಲ್ವಂತೆ ಕಣಮ್ಮಿ,” ಎಂದು ಮುದುಕಿ ಸುಧಾಮಣಿಯ ಮುಂದೆ ಖಾಲಿ ಚೀಲ ಮಡಿಸಿಕೊಂಡು ಹೋದಳು.

ಗುರುಪಾದಸ್ವಾಮಿ ಎಲ್ಲರ ಮುಂದೆಯೇ ಅಂದ: “ನಿನ್ನ ನಾಲಿಗೆಯಲ್ಲೇ ಶ ಇಲ್ಲ. ಬೆರಳಿಗೆ ಎಲ್ಲಿಂದ ಬರಬೇಕು?”

ಕೀಬೋರ್ಡಿನ ತೊಂದರೆ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಹಾಗಿದ್ದರೆ ಸೋಮವಾರದೊಳಗೆ ಸಾಬೀತು ಮಾಡಿ ತೋರಿಸು, ಇಲ್ಲವೇ ಮನೆಗೆ ನಡಿ ಎಂದ. ಕೆಲಸ ಹೋದರೆ ಅವ್ವನ ಜೊತೆ ಅರಿಸಿನದ ಹೊಲದಲ್ಲಿ ಕಳೆ ಕೀಳುವುದೇ ಗತಿ. ತನ್ನದೇ ತಪ್ಪಿದ್ದರೂ ಇರಬಹುದೆಂದು ಮನೆಯಲ್ಲಿ ಶ, ಶ ಎಂದು ನಾಲಿಗೆ ತಿದ್ದಿಕೊಳ್ಳಲು ಕೂತಳು. ಅವ್ವ ಮಲ್ಲಾಜಮ್ಮ ಒಳಗಿನಿಂದಲೇ, ಕೋಳಿ ಓಡುಸ್ತಿದ್ದೀಯೇನಮ್ಮಿ ಎಂದು ಕೇಳಿದಳು.

ಮಾರನೆಯ ದಿನ ಪಕ್ಕದ ಸೀಟಿನ ಕುಮಾರಿಯ ಕೀಬೋರ್ಡು ತಂದು ಸಿಕ್ಕಿಸಿದಳು. ಅದೂ ಅಷ್ಟೇ. ವಿಂಡೋಸಿನಿಂದ ಹೊರಬಂದು ಲಿನಕ್ಸಿನಲ್ಲಿ ಒತ್ತಿ ನೋಡಿದಳು; ಅಲ್ಲೂ ಶಿಫ್ಟ್ ಕೆಲಸ ಮಾಡಲಿಲ್ಲ. ಹಾಗಾದರೆ ಕೆಟ್ಟದ್ದು ಕೀ ಅಲ್ಲ, ವಿಂಡೋಸೂ ಅಲ್ಲ. ಒಳಗೂ ಹೊರಗೂ ಓಡಾಡುವಾಗ ಲಿನಕ್ಸೇ ಶಿಫ್ಟನ್ನು ಮರೆಯುತ್ತಿದೆ. ಇಂಟರ್ನೆಟ್ಟಿನಲ್ಲಿ ತಡಕಾಡಿ ತಡಕಾಡಿ, ಶನಿವಾರ ಒಂದೇ ಪದದ ಕಮಾಂಡು ಸಿಕ್ಕಿತು. ಕೊಟ್ಟರೆ ಲಿನಕ್ಸಿಗೆ ಕೀಗಳೆಲ್ಲ ಮತ್ತೆ ನೆನಪಾಗುತ್ತವಂತೆ. ಕೊಟ್ಟಳು. ಶಿವಮ್ಮ ಎಂದೇ ಬಿತ್ತು. ಅಬ್ಬಾ ಎಂದು ಕಣ್ಣೊರೆಸಿಕೊಂಡಳು.

ಸೋಮವಾರ ಆ ಕಮಾಂಡನ್ನು ಚೀಟಿಯಲ್ಲಿ ಬರೆದುಕೊಂಡು ಗುರುಪಾದಸ್ವಾಮಿಯ ಕೋಣೆಗೆ ಹೋದರೆ, ಅವಳು ಬಾಯಿ ತೆರೆಯುವ ಮೊದಲೇ ಅವನು ಒಂದು ಹಾಳೆ ತಳ್ಳಿದ. ಕೆಲಸದಿಂದ ತೆಗೆದ ಪತ್ರ. ತನ್ನ ಕಂಪ್ಯೂಟರಿನಲ್ಲಿ ತಾನೇ ಟೈಪು ಮಾಡಿದ್ದ. ಕೊನೆಯ ಸಾಲಿನಲ್ಲಿ ಅವಳ ಹೆಸರು ಸುದಮನಿ ಎಂದಿತ್ತು.

“ನೋಡಿ ಸಾರ್, ನಿಮ್ಗೂ ಶಿಫ್ಟ್ ಬಿದ್ದಿಲ್ಲ,” ಎಂದು ತೋರಿಸಿದಳು.

ಅವನು ಕನ್ನಡಕ ಏರಿಸಿ ನೋಡಿದ. ಮುಖ ಕೊಂಚ ಕಪ್ಪಿಟ್ಟಿತು. ಇನ್ನೇನು ಒಪ್ಪಿಕೊಂಡ ಎಂದುಕೊಂಡಳು ಸುಧಾಮಣಿ. ಅವನು ಪೆನ್ನು ಚಾಚಿದ.

“ಒಂದೆರಡು ಅಕ್ಷರ ತಾನೇ. ನೀನೇ ಅಂತ ಗೊತ್ತಾಗುತ್ತಲ್ಲ, ಸೈನ್ ಮಾಡು.”

ಶಿವಮ್ಮನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಸುಧಾಮಣಿ ಸೈನ್ ಮಾಡಿದಳು. ಚೀಟಿಯನ್ನು ಕುಮಾರಿಯ ಕೈಗೆ ಕೊಟ್ಟು, ತೆರಕಣಾಂಬಿ ಬಸ್ಸು ಹತ್ತಿದಳು.