ಕೆಂಪು ಗೀಟಿನ ಡಬ್ಬಿ

ಪಿಸ್ತೂಲು ಪಂದ್ಯದ ಕೊನೆಯ ಸುತ್ತಿಗಾಗಿ ತಮ್ಮ ಆರಿನ್ ಚೀಲದ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಮ್ಯಾಗಜಿನ್‌ಗೆ ತೋಟಾ ತುಂಬುತ್ತಿದ್ದ. ಅವನ ಮಂಡಿಯ ಬಳಿಯ ಡಬ್ಬಿಯ ಮುಚ್ಚಳದ ಮೇಲೆ ಕೆಂಪು ಗೀಟು ಕಂಡಿತು. ಅದನ್ನು ಎಳೆದವಳು ನಾನೇ.

ಹತ್ತು ವರ್ಷದಿಂದ ಅವನ ತೋಟಾಗಳನ್ನು ಮನೆಯಲ್ಲಿ ತಯಾರಿಸುವವಳು ನಾನು. ಅಂಗಡಿಯ ತೋಟಾಗಳು ಕೈಯನ್ನು ಒದ್ದು ಮೇಲೆತ್ತುತ್ತವೆ. ಪಿಸ್ತೂಲು ಮತ್ತೆ ಗುರಿಗೆ ಇಳಿಯುವಷ್ಟರಲ್ಲಿ ಹೊತ್ತು ಹೋಗುತ್ತದೆ. ನಾನು ನಿಯಮ ಒಪ್ಪುವಷ್ಟು ಕಡಿಮೆ ಸಿಡಿಮದ್ದು ಹಾಕುತ್ತೇನೆ, ಒಂದು ಚಿಟಿಕೆ. ತೋಟಾ ತುಂಬುವ ಯಂತ್ರದ ಹಿಡಿಯ ಒಂದು ಎಳೆತಕ್ಕೆ ಕೀರ್ತನೆಯ ಒಂದು ಸಾಲು. ಅಪ್ಪ ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಹೇಳುತ್ತಿದ್ದ ಸಾಲುಗಳು ಅವು. ಸಾಲು ತಪ್ಪದಿದ್ದರೆ ಕೈಯೂ ತಪ್ಪುವುದಿಲ್ಲ.

ಗುರುವಾರ ನೆರೆಮನೆಯ ಥೆಲ್ಮಾ ಎಲೆಕೋಸು, ಮಾಂಸ ತುಂಬಿದ ಬಿಸಿ ಬನ್ನು ಹಿಡಿದು ಬಾಗಿಲು ಬಡಿದಳು. ಮರಳಿ ಬಂದು ಕೂತು ಸಾಲು ಮುಂದುವರಿಸಿದೆ. ಡಬ್ಬಿಯ ಇನ್ನೂರೂ ತುಂಬಿದ ಮೇಲೆ ಅನುಮಾನ ಹತ್ತಿತು: ಎದ್ದದ್ದು ಯಾವ ಸಾಲಿನಲ್ಲಿ, ಶುರು ಮಾಡಿದ್ದು ಯಾವುದರಿಂದ? ಒಂದಕ್ಕೆ ಮದ್ದು ಬೀಳದೆ ಹೋಗಿದ್ದರೆ? ತೂಗಿ ನೋಡಿದೆ. ಆ ಚಿಟಿಕೆ ಮದ್ದಿಗಿಂತ ಹಿತ್ತಾಳೆ ಕವಚಗಳ ನಡುವಿನ ತೂಕದ ವ್ಯತ್ಯಾಸವೇ ಹೆಚ್ಚು. ತಕ್ಕಡಿಗೆ ಏನೂ ತಿಳಿಯಲಿಲ್ಲ. ಗೀಟೆಳೆದು ಬದಿಗಿಟ್ಟೆ. ಕಾರಣವನ್ನು ಆರಿನ್‌ಗೂ ಹೇಳಿದ್ದೆ.

"ಅದು ಬೇಡ ಕಣೋ."

"ಬೇರೆ ಎಲ್ಲಾ ಖಾಲಿ ಅಕ್ಕಾ."

"ಗಾಡೀಲಿ ಅಂಗಡೀದು ಇದ್ಯಲ್ಲ."

"ಅದ್ರಲ್ಲಿ ಹೊಡೆಯೋದಾದ್ರೆ ಈಗ್ಲೇ ಹೋಗಿ ಲೈಲ್ ಕೈ ಕುಲುಕಿ ಬಂದ್ಬಿಡ್ತೀನಿ."

ರಾಷ್ಟ್ರೀಯ ಪಂದ್ಯಕ್ಕೆ ನಮ್ಮ ಕ್ಲಬ್ಬಿನಿಂದ ಒಬ್ಬರಿಗೇ ಜಾಗ. ಲೈಲ್ ತುಸು ಮುಂದಿದ್ದ. ಆರಿನ್‌ನ ಬಲಗಣ್ಣಿನ ನಡುವೆ ಮಸುಕು ಹಬ್ಬುತ್ತಿದೆ. ಮುಂದಿನ ವರ್ಷ ಅವನಿಗೆ ಗುರಿ ಕಾಣುವುದಿಲ್ಲ.

"ಏನಪ್ಪಾ, ಅಕ್ಕನ ಹತ್ರ ಪಾಠ ಒಪ್ಪಿಸ್ತಾ ಇದ್ದೀಯಾ?" ಲೈಲ್ ನೆರಳಿನಿಂದ ಕೂಗಿದ. "ಬೇಗ ಸೋತು ಬಾ, ನನ್ ಕಾಫಿ ಆರ್ತಾ ಇದೆ."

"ಮದ್ದಿಲ್ಲದ್ದು ಬಂದ್ರೆ?" ಎಂದೆ ಮೆಲ್ಲಗೆ.

"ಇನ್ನೂರರಲ್ಲಿ ಒಂದು. ಅದೂ ಇದ್ರೆ ತಾನೆ? ಟೈಮರ್ ಹಿಡ್ಕೊಂಡು ನನ್ ಹಿಂದೇನೇ ಇರ್ತೀಯ. ಕೇಳಿಸಿದ್ರೆ ಕೂಗು."

ಮದ್ದಿಲ್ಲದ ತೋಟಾದಲ್ಲಿ ತಳದ ಕಿಡಿಯೊಂದೇ ಟಪ್ಪೆಂದು ಸಿಡಿದು, ಗುಂಡನ್ನು ನಳಿಗೆಯ ನಡುವೆ ಸಿಕ್ಕಿಸಿ ಬಿಡುತ್ತದೆ. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯುತ್ತದೆ, ಹಿಡಿದ ಕೈಯೂ. ಆದರೆ ಪಿಸ್ತೂಲು ತಡವರಿಸಿದರೆ ಮ್ಯಾಗಜಿನ್ ತಟ್ಟು, ಮೇಲ್ಭಾಗ ಹಿಂದಕ್ಕೆ ಎಳೆ, ಹೊಡೆ ಎಂದು ಆರಿನ್ ಕೈ ಪಳಗಿದೆ. ಅರ್ಧ ಸೆಕೆಂಡಿನ ಕೆಲಸ. ಆ ಅರ್ಧ ಸೆಕೆಂಡಿನೊಳಗೆ ನಾನು ಕೂಗಬೇಕು. ಕೂಗಿದ್ದು ಸರಿಯಾಗಿದ್ದರೆ ಅವನ ಸುತ್ತು ಅಲ್ಲಿಗೇ ಮುಗಿಯಿತು, ಹೊಡೆದಷ್ಟಕ್ಕೇ ಅಂಕ. ತಪ್ಪಾಗಿದ್ದರೆ ಮತ್ತೆ ಹೊಡೆಯಬಹುದು.

ಸುತ್ತು ನಡೆಸುವವಳು ನಾನೇ; ಟೈಮರಿನ ಗುಂಡಿ ಒತ್ತಿ ಶುರು ಮಾಡುವುದಿಲ್ಲ ಎನ್ನಬಹುದಿತ್ತು. ಅವನು ಬಲಗಣ್ಣನ್ನು ಎರಡು ಸಲ ಉಜ್ಜಿಕೊಂಡ. ಒತ್ತಿದೆ.

ಢಂ ಢಂ. ಢಂ ಢಂ. ಒಂದು ಗುರಿಹಲಗೆಗೆ ಎರಡೆರಡು, ನಡುವೆ ಉಸಿರಿನಷ್ಟು ಬಿಡುವು. ಅಪ್ಪನ ಸಾಲುಗಳಿಗೂ ಹೀಗೇ ಎರಡೆರಡು ಪಾದ. ಕಣ್ಣು ಅವನ ಬೆರಳಿನ ಮೇಲೆ, ಉಳಿದದ್ದೆಲ್ಲ ಕಿವಿ. ಅವನು ಓಡಿದ, ನಾನೂ ಓಡಿದೆ. ಐದನೆಯ ಹಲಗೆ, ಆರನೆಯದು. ಇಷ್ಟು ವೇಗವಾಗಿ ಅವನು ಹೊಡೆದದ್ದನ್ನು ನಾನು ಕಂಡಿರಲಿಲ್ಲ. ಹತ್ತನೆಯದು.

ಢಂ. ಟಪ್.

ಎಡಗೈ ಆಗಲೇ ತಟ್ಟಿತ್ತು, ಎಳೆದಿತ್ತು. ಹಿತ್ತಾಳೆ ಕವಚವೊಂದು ಬಿಸಿಲಿನಲ್ಲಿ ಹಾರಿತು. ಬೆರಳು ಟ್ರಿಗರ್ ಮೇಲೆ ಬಾಗಿತು.

"ನಿಲ್ಸು!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಬೆರಳು ನಿಂತಿತು.

"ಹಾರ್ಲಿಲ್ಲ ಅಷ್ಟೇ ಅಕ್ಕಾ! ಇನ್ನು ನಾಲ್ಕೇ ನಾಲ್ಕು ಹಲಗೆ! ನಾನು ಮುಂದಿದ್ದೆ ಕಣೇ!"

"ಖಾಲಿ ಮಾಡಿ ತೋರ್ಸು."

ಖಾಲಿ ಮಾಡಿ ಬಿಚ್ಚಿದ. ನಳಿಗೆಯ ಬಾಯಿಗೆ ಹಿತ್ತಾಳೆ ಕಡ್ಡಿ ಹಿಡಿದೆ. ನನ್ನ ಕಿವಿ ಸುಳ್ಳಾಗಲಿ ತಂದೆಯೇ, ಇವನು ಮತ್ತೊಮ್ಮೆ ಹೊಡೆಯಲಿ ಎಂದು ಬೇಡಿಕೊಂಡೆ. ಬಿಟ್ಟ ಕಡ್ಡಿ ಜಾರಿ, ನಡುವೆ ಟಕ್ಕೆಂದು ನಿಂತಿತು.

ಲೈಲ್ ಬಂದು ಬಗ್ಗಿ ನೋಡಿದ. ಟೋಪಿ ತೆಗೆದ. "ಅಯ್ಯೋ ಮಾರಾಯ," ಎಂದ.

"ಬರ್ಕೋ ಅಕ್ಕಾ," ಎಂದ ಆರಿನ್. ಹೊಡೆಯದೆ ಉಳಿದ ಹಲಗೆಗಳ ಮುಂದೆ ಸೊನ್ನೆ ಬರೆದೆ. ಜಾಗ ಲೈಲ್‌ಗೆ ಹೋಯಿತು.

ಊಟದ ಹೊತ್ತಿಗೆ ಗಾಡಿಯ ಹಿಂಬದಿಯಲ್ಲಿ ಕೂತು, ಗುಂಡು ಕೀಳುವ ಸುತ್ತಿಗೆಯಿಂದ ಆ ಡಬ್ಬಿಯ ತೋಟಾಗಳನ್ನು ಒಂದೊಂದಾಗಿ ಬಿಚ್ಚಿದೆವು. ಅವನು ಕೊಡುವುದು, ನಾನು ಕುಟ್ಟುವುದು. ಪ್ರತಿಯೊಂದರಿಂದಲೂ ಕಪ್ಪು ಮದ್ದು ಉದುರಿತು. ಕೊನೆಯದರಿಂದಲೂ.

"ಒಂದೇ ಒಂದು ಇತ್ತಲ್ಲೇ," ಎಂದು ಆರಿನ್ ನಕ್ಕ. ನಗು ಅರ್ಧಕ್ಕೇ ನಿಂತಿತು.

"ನಾನು ಗುಂಡಿ ಒತ್ತಬಾರ್ದಿತ್ತು ಕಣೋ."

ಅವನು ಬಲಗೈಯ ಬೆರಳುಗಳನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ನೋಡಿಕೊಂಡ.

"ಡಬ್ಬಿ ತಂದೋನು ನಾನು," ಎಂದ. "ಥೆಲ್ಮಾ ಬನ್ನು ಉಳಿದಿದ್ರೆ ಕೊಡು."