ಕಾರಿಗೆ ಕಾಣದ ಹುಲ್ಲಿನ ಗಾಡಿ

ಸುಗ್ಗಿ ಬಂತೆಂದರೆ ದೇವನೂರಿನ ಕಡೆ ರಸ್ತೆಯೇ ಕಣ. ಬಸ್ಸು ಲಾರಿ ಹತ್ತಿ ಒಕ್ಕಲಿ ಅಂತ ಟಾರಿನ ಮೇಲೆ ಹುರುಳಿ ಗಿಡ ಹಾಸಿರುತ್ತಾರೆ. ಅದನ್ನು ದಾಟಿದರೆ ಮುಂದೆ ಮನೆಯಷ್ಟು ಎತ್ತರ ಹುಲ್ಲು ಹೇರಿಕೊಂಡ ಎತ್ತಿನ ಗಾಡಿ. ಹಿಂದಿನಿಂದ ನೋಡಿದರೆ ಚಕ್ರವೂ ಕಾಣದು, ಎತ್ತೂ ಕಾಣದು. ಆ ರಸ್ತೆಯಲ್ಲಿ ವಾಹನ ಓಡಿಸುವವರೆಲ್ಲ ಗೊಣಗುತ್ತಲೇ ಓಡಿಸುತ್ತಾರೆ.

ಮಾದು ಮಾತ್ರ ಈ ಸಲ ಗೊಣಗಲಿಲ್ಲ. ಅವನು ದೇವನೂರಿನವನೇ, ಬಾಡಿಗೆ ಕಾರು ಓಡಿಸುವವನು. ಹೊಸದಾಗಿ ತಂದ ಕಾರಿನ ಮುಂದಿನ ಗಾಜಿನ ಹಿಂದೆ ಒಂದು ಕ್ಯಾಮೆರಾ ಇತ್ತು. ಮುಂದಿನ ವಾಹನ ನಿಂತರೆ ಕಾರು ತಾನೇ ಬ್ರೇಕ್ ಹಾಕುತ್ತಿತ್ತು. ರಸ್ತೆಯ ಬಿಳಿ ಗೆರೆ ನೋಡಿಕೊಂಡು ತಾನೇ ಸ್ಟೇರಿಂಗ್ ತಿರುಗಿಸುತ್ತಿತ್ತು. ನರಸೀಪುರದ ರಸ್ತೆಯಲ್ಲಿ ಮಾದು ಸ್ಟೇರಿಂಗ್ ಬಿಟ್ಟು ಕಡಲೆಕಾಯಿ ಸುಲಿಯುವುದನ್ನು ಕಲಿತಿದ್ದ.

"ಸ್ಟೇರಿಂಗ್ ಇಡ್ಕೊ ಅಂದ್ರೆ!" ಅಂತ ಪಕ್ಕದಲ್ಲಿ ಕೂತ ಹೆಂಡತಿ ಚಲುವಮ್ಮ ಕೂಗಿಕೊಂಡಿದ್ದಳು.

"ಸುಮ್ಕಿರಮ್ಮಿ. ನಂಗಿಂತ ಚೆಂದಾಗಿ ನೋಡ್ತದೆ ಇದು" ಅಂದಿದ್ದ ಮಾದು.

ಅಷ್ಟರಲ್ಲಿ ಮಗಳು ಪಲ್ಲವಿಗೆ ನರಸೀಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಬಾಣಂತಿಯನ್ನು ಮನೆಗೆ ಕರೆತರುವ ಹಿಂದಿನ ದಿನ ಮಾದುವಿನ ಅಕ್ಕನ ಮಗಳು ಕವನ ಬಂದಳು. ಅವಳಿಗೆ ದೇಶಮಟ್ಟದ ವಾಹನ ಚಾಲಕರ ಸಂಘವೊಂದರಲ್ಲಿ ಕೆಲಸ. ತಾನೇ ಓಡುವ ಕಾರು, ಒಂದಕ್ಕೊಂದು ಸುದ್ದಿ ಮುಟ್ಟಿಸುವ ಕಾರು, ಇಂಥವುಗಳ ಮೇಲೆ ಸಂಘ ಸಂಶೋಧನೆ ನಡೆಸುತ್ತಿತ್ತು.

"ಮಾವ, ಇವತ್ತು ನರಸೀಪುರದ ಹತ್ರ ಬಯಲಲ್ಲಿ ಪರೀಕ್ಷೆ ಇಟ್ಕೊಂಡಿದ್ದೀವಿ. ನಿಮ್ಮ ಕಾರಿನಂಥದ್ದೇ ಒಂದು ಕಾರು. ಈ ರಸ್ತೇಲಿ ದಿನಾ ಓಡಿಸೋರು ಬೇಕು. ಬನ್ನಿ."

ಮಾದುವಿನ ಮುಖ ಗಂಟಿಕ್ಕಿತು. "ಬರಕಿಲ್ಲ ಓಗವ್ವ. ಡ್ರೈವರ್ ಇಲ್ದೆ ಓಡೋ ಕಾರು ತತ್ತೀರಿ, ನಮ್ಮ ಒಟ್ಟೆ ಮ್ಯಾಲೆ ಒಡೀತೀರಿ. ಅದ್ಕೆ ನಾನೇ ಬಂದು ಕೈ ಜೋಡಿಸ್ಲಾ?"

"ಕಾರು ಮಾಡೋರು ಬೇರೆ, ನಾವು ಬೇರೆ ಮಾವ. ಸಂಘ ಕಾರು ಮಾರಲ್ಲ. ಓಡಿಸೋರ ಪರವಾಗಿ ಪರೀಕ್ಷೆ ಮಾಡ್ತದೆ. ಡ್ರೈವರ್ ಇಲ್ಲದ ಕಾರು ನಮ್ಮ ಊರಿಗೆ ಯಾವಾಗ ಬತ್ತದೋ ನಂಗೂ ಗೊತ್ತಿಲ್ಲ. ಆದ್ರೆ ಈಗ ಬಂದಿರೋ ಈ ಕ್ಯಾಮೆರಾ, ಈ ಬ್ರೇಕು ನಮ್ಮ ರಸ್ತೇಲಿ ಎಷ್ಟು ನಂಬಬೋದು? ಅದನ್ನ ನೋಡ್ಬೇಕಲ್ಲ?"

"ನಾನು ನಂಬಿವ್ನಿ. ಸಾಕು."

ಒಳಗಿಂದ ಚಲುವಮ್ಮ ಬಂದಳು. "ನಾಳೆ ಅದೇ ತರದ ಕಾರಲ್ಲಿ ಕೂಸು ಬರೋದು. ನಡಿ, ನಾನೂ ಬತ್ತೀನಿ" ಅಂದಳು. ಮಾದು ಕಾರಿನ ಕೀಲಿ ಎತ್ತಿಕೊಂಡ.

ಬಯಲಿನಲ್ಲಿ ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸಿದ್ದರು. ಮಾದು ಸ್ಟೇರಿಂಗ್ ಮುಂದೆ ಕೂತ, ಕವನ ಪಕ್ಕದಲ್ಲಿ. ಮೊದಲು ಸ್ಪಂಜಿನಿಂದ ಮಾಡಿದ ಹುಸಿ ಕಾರೊಂದನ್ನು ಎದುರಿಗಿಟ್ಟರು. ಮಾದುವಿನ ಕಾಲು ಅಲುಗಲಿಲ್ಲ. ಕಾರು ಕಿರ್ ಅಂತ ತಾನೇ ನಿಂತಿತು.

"ನೋಡ್ದಾ?" ಅಂತ ಅವನು ಕಿಟಕಿಯಿಂದ ಹೆಂಡತಿಗೆ ಕೈ ಬೀಸಿದ.

ಎರಡನೆಯ ಸಲ ಎದುರಿಗಿದ್ದದ್ದು ತೆಳು ಬಿದಿರಿನ ಚೌಕಟ್ಟಿಗೆ ಹುಲ್ಲು ತುಂಬಿದ ಗಾಡಿ. ನೋಡಲು ದೇವನೂರಿನ ಹುಲ್ಲಿನ ಗಾಡಿಯಂತೆಯೇ ಇತ್ತು. "ಮೆಲ್ಲಗೆ ಹೋಗಿ ಮಾವ. ಬೇಕು ಅನ್ನಿಸಿದ್ರೆ ಬ್ರೇಕ್ ಒತ್ತಿ" ಅಂದಳು ಕವನ.

ಮಾದು ಒತ್ತಲಿಲ್ಲ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಅಂತ ಕಾದ. ಹುಲ್ಲು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಅವನ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಧೊಪ್ಪೆಂದು ಕಾರು ಹುಲ್ಲಿನೊಳಕ್ಕೆ ನುಗ್ಗಿ, ಗಾಜೆಲ್ಲ ಮುಚ್ಚಿ ಕತ್ತಲಾಯಿತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಕೆಳಗಿಳಿದ ಮಾದು ನೆಲದ ಮೇಲೆ ಕೂತುಬಿಟ್ಟ. ಚಲುವಮ್ಮ ಓಡಿ ಬಂದು ಅವನ ತಲೆಯಿಂದ ಹುಲ್ಲು ತೆಗೆಯುತ್ತಿದ್ದರೆ, ಅವನು ತನ್ನ ಎರಡು ಕೈಗಳನ್ನೇ ನೋಡಿಕೊಳ್ಳುತ್ತಿದ್ದ. ಇವೇ ಕೈಗಳಲ್ಲವೇ ಕಡಲೆಕಾಯಿ ಸುಲಿಯುತ್ತಿದ್ದದ್ದು?

"ಯಾಕವ್ವ ನಿಲ್ಲಿಲ್ಲ ಅದು?" ಅಂದ, ದನಿ ಸಣ್ಣದಾಗಿ.

"ಲಾರಿ, ಬಸ್ಸು, ಬೈಕು, ನಡೆಯೋ ಜನ, ಇವನ್ನೆಲ್ಲ ಗುರುತು ಹಿಡಿಯೋದು ಅದಕ್ಕೆ ಕಲಿಸವ್ರೆ. ಹುಲ್ಲಿನ ಗಾಡೀನ ಯಾರೂ ಸರಿಯಾಗಿ ಕಲಿಸಿಲ್ಲ ಮಾವ. ಇಲ್ಲಿ ಸಿಕ್ಕಿದ್ದನ್ನ ಸಂಘ ಕಾರು ಮಾಡೋರಿಗೆ ತೋರಿಸ್ತದೆ, ಸರ್ಕಾರಕ್ಕೂ ಹೇಳ್ತದೆ. ಓಡಿಸೋರಿಗೆ ಇದನ್ನ ತಿಳಿಸಿಯೇ ಕಾರು ಮಾರಬೇಕು ಅಂತ ಕೇಳ್ತದೆ. ಮುಂದೆ ಕಾರುಗಳು ಒಂದಕ್ಕೊಂದು ಸುದ್ದಿ ಕೊಡೋ ಹಂಗಾದ್ರೆ, ಮುಂದಿನ ತಿರುವಲ್ಲಿ ಗಾಡಿ ನಿಂತದೆ ಅಂತ ಹಿಂದಿನ ಕಾರಿಗೆ ಮೊದ್ಲೇ ಗೊತ್ತಾಗ್ತದೆ. ಅದೂ ನಡೀತಾ ಐತೆ. ಅಲ್ಲೀಗಂಟ ಕಣ್ಣು ನಿಮ್ಮದೇ, ಕಾಲೂ ನಿಮ್ಮದೇ."

ಮಾದು ಮೈಮೇಲಿನ ಹುಲ್ಲು ಕೊಡವಿಕೊಂಡು ಎದ್ದ. ಆಮೇಲೆ ತಾನೇ ಬಾಯಿಬಿಟ್ಟ. "ಉರುಳಿ ಆಸಿದ್ರೆ ಬಿಳಿ ಗೆರೆ ಮುಚ್ಚೋಗ್ತದೆ ಕಣವ್ವ. ಆವಾಗ ನನ್ ಕಾರು ಎತ್ಲಾಗೋ ಎಳೀತದೆ. ಮೊನ್ನೆ ಬೇಲಿ ಕಡೀಕೆ ಎಳೀತು. ಯಾರ್ಗೂ ಏಳಿರ್ಲಿಲ್ಲ ನಾನು."

"ನಂಗೂ ಏಳಿರ್ಲಿಲ್ಲ" ಅಂದಳು ಚಲುವಮ್ಮ, ಗಂಡನನ್ನು ದುರುಗುಟ್ಟಿ ನೋಡುತ್ತಾ.

"ಇಂಥದ್ದು ಕೇಳೋಕೇ ಮಾವ ನಿಮ್ಮನ್ನ ಕರೆದಿದ್ದು" ಅಂದಳು ಕವನ. ಮಧ್ಯಾಹ್ನ ಬಯಲಿನಲ್ಲಿ ಹುರುಳಿ ಗಿಡ ಹಾಸಿ ಅದನ್ನೂ ಪರೀಕ್ಷೆ ಮಾಡಿದರು. ಮಾದು ಸಂಜೆವರೆಗೂ ಅಲ್ಲಿಂದ ಕದಲಲಿಲ್ಲ.

ಮರುದಿನ ಪಲ್ಲವಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ದಾರಿಯಲ್ಲಿ ಹುರುಳಿ ಹಾಸಿದ್ದರು. ಮಾದು ದೂರದಿಂದಲೇ ವೇಗ ತಗ್ಗಿಸಿದ, ಎರಡೂ ಕೈ ಸ್ಟೇರಿಂಗ್ ಮೇಲೆ ಗಟ್ಟಿಯಾಗಿ. ಕಾರು ಒಮ್ಮೆ ಪಕ್ಕಕ್ಕೆ ಎಳೆಯಿತು, ಅವನು ಹಿಡಿದು ನೇರ ಮಾಡಿದ. ಚಲುವಮ್ಮ ಒಮ್ಮೆಯೂ ಕೂಗಿಕೊಳ್ಳಲಿಲ್ಲ. ಬಾಗಿಲ ಮುಂದೆ ಆರತಿ ಎತ್ತುವಾಗಲೂ ಮಗು ನಿದ್ದೆಯಲ್ಲೇ ಇತ್ತು. ಮಾದು ಜಗುಲಿಯ ಮೇಲೆ ಕೂತು, ಹಿಂದಿನ ದಿನದಿಂದ ಎದೆಯಲ್ಲಿ ಕಟ್ಟಿಕೊಂಡಂತಿದ್ದ ಉಸಿರನ್ನು ಪೂರ್ತಿ ಬಿಟ್ಟ.

ಕೆಲವು ವಾರದ ಮೇಲೆ ಕವನ ಫೋನ್ ಮಾಡಿದಳು. ಹುಲ್ಲಿನ ಗಾಡಿಯನ್ನೂ ಪರೀಕ್ಷೆಗೆ ಸೇರಿಸಲು ಕಾರು ಮಾಡುವವರು ಒಪ್ಪಿದ್ದರು. ಮಾದು ಆ ಸುದ್ದಿಯನ್ನು ಬಸ್ ಸ್ಟ್ಯಾಂಡಿನ ಡ್ರೈವರುಗಳಿಗೆಲ್ಲ ಹೇಳಿದ. ಪಕ್ಕದ ಮನೆಯ ಚಾಮಯ್ಯನ ಗಾಡಿಯ ಹಿಂದಕ್ಕೆ ಹೊಳೆಯುವ ಕೆಂಪು ಪಟ್ಟಿಯನ್ನೂ ತಾನೇ ಅಂಟಿಸಿಕೊಟ್ಟ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಾರಿನಲ್ಲೂ ಇಂಥ ಕ್ಯಾಮೆರಾ, ತಾನೇ ಹಾಕುವ ಬ್ರೇಕು ಇರಬಹುದು. ಒಳ್ಳೆಯದೇ, ಬಳಸಿ. ಆದರೆ ಅದು ಸಹಾಯಕ, ಚಾಲಕ ನೀವೇ. ಕೈ ಸ್ಟೇರಿಂಗ್ ಮೇಲಿರಲಿ, ಕಣ್ಣು ರಸ್ತೆಯ ಮೇಲಿರಲಿ. ಕಾರು ಕೊಳ್ಳುವಾಗ ಅದಕ್ಕೆ ಏನು ಕಾಣುತ್ತದೆ ಅಂತ ಮಾತ್ರವಲ್ಲ, ಏನು ಕಾಣುವುದಿಲ್ಲ ಅಂತಲೂ ಕೇಳಿ. ಗಾಡಿ ಇರುವವರು ಹಿಂದೆ ಹೊಳೆಯುವ ಪಟ್ಟಿ ಅಂಟಿಸಿ. ಚಾಲಕರ ಸಂಘದವರು ನಿಮ್ಮೂರಿಗೆ ಬಂದು ರಸ್ತೆಯ ಬಗ್ಗೆ ಕೇಳಿದರೆ, ನಮಗ್ಯಾಕೆ ಅನ್ನಬೇಡಿ. ಕಂಡದ್ದನ್ನು ಹೇಳಿ. ನಾಳೆ ಬರುವ ಕಾರು ನಮ್ಮ ರಸ್ತೆಯನ್ನು ಕಲಿಯುವುದು ನಮ್ಮಿಂದಲೇ.